ಕ್ರಿ.ಶ. 125 ಅನ್ನೋ ಆ ಇಸವಿ ಎಲ್ಲಿಂದ ಬಂತು?

ಪ್ರಶ್ನೆ: ಮ್ಯಾಂಚೆಸ್ಟರಿನ ಒಂದು ಲೈಬ್ರರಿಯಲ್ಲಿ ಯೋಹಾನನ ಸುವಾರ್ತೆಯ ಪಪೈರಸ್ ಚೂರು ಇದೆ, ಅದನ್ನು ಬರೆದದ್ದು ಕ್ರಿ.ಶ. 125ರಲ್ಲಿ ಅಂತ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಬಂತು. ಯೇಸುವನ್ನು ಕಣ್ಣಾರೆ ಕಂಡವರೇ ಸುವಾರ್ತೆ ಬರೆದರು ಅನ್ನೋದಕ್ಕೆ ಇದೇ ಸಾಕ್ಷಿ ಅಂತಲೂ ಅದರಲ್ಲಿತ್ತು. ನಮ್ಮಣ್ಣ ಅದನ್ನು ನೋಡಿ, ಇದೆಲ್ಲ ನಕಲಿ, ಕಾರ್ಬನ್ ಟೆಸ್ಟ್ ಮಾಡಿ ಹೇಳಿದ ಇಸವಿಯೂ ಅಲ್ಲ ಅಂತಾನೆ. ಯಾರು ಸರಿ? ತಾರೀಖೇ ಇಲ್ಲದ ಚೂರಿಗೆ ಇಸವಿ ಹೇಗೆ ಹಾಕುತ್ತಾರೆ? ಇದಕ್ಕಿಂತ ಹಳೆಯದು ಯಾವುದಾದರೂ ಇದೆಯಾ?

ಉತ್ತರ:

ಇಬ್ಬರೂ ಅರ್ಧರ್ಧ ಸರಿ. ಚೂರು ಅಸಲಿ, ಅದರಲ್ಲಿ ಅನುಮಾನ ಬೇಡ. ಇಸವಿ ಬಂದದ್ದು ಕಾರ್ಬನ್ ಟೆಸ್ಟಿನಿಂದ ಅಲ್ಲ ಅನ್ನೋದೂ ನಿಜ. 125 ಅನ್ನೋದು ಯಾರೋ ಅಳೆದು ಹೇಳಿದ ಇಸವಿ ಅಲ್ಲ, ಕೈಬರಹ ನೋಡಿ ಮಾಡಿದ ಒಂದು ಅಂದಾಜು. ಆ ಅಂದಾಜಿನ ಆಚೆ ಈಚೆ ಇದ್ದ ಜಾಗವನ್ನೆಲ್ಲ ಹೇಳುವವರು ಬಾಯಿಂದ ಬಾಯಿಗೆ ಕತ್ತರಿಸುತ್ತಾ ಬಂದು ಕೊನೆಗೆ ಒಂದೇ ಒಂದು ಇಸವಿ ಉಳಿದುಕೊಂಡಿತು, ಅಷ್ಟೇ.

ಮೊದಲು ಚೂರಿನ ವಿಷಯ. ಪಪೈರಸ್ ಅಂದರೆ ಜೊಂಡಿನಿಂದ ಮಾಡುತ್ತಿದ್ದ ಹಳೆಯ ಕಾಲದ ಕಾಗದ. ವಿದ್ವಾಂಸರು ಇದನ್ನು ಪಿ 52 ಅಂತ ಕರೆಯುತ್ತಾರೆ. ಹೊಸ ಒಡಂಬಡಿಕೆಯ (ಬೈಬಲ್ಲಿನಲ್ಲಿ ಸುವಾರ್ತೆಗಳಿರುವ ಭಾಗ) ಗ್ರೀಕ್ ಪಪೈರಸ್‌ಗಳಿಗೆಲ್ಲ ಹೀಗೆ ಒಂದೊಂದು ನಂಬರ್ ಇದೆ, ಆ ಪಟ್ಟಿಯನ್ನು ಈಗ ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿರುವ ಸಂಸ್ಥೆ ನೋಡಿಕೊಳ್ಳುತ್ತದೆ. ಪಿ 52 ಇರುವುದು ಮ್ಯಾಂಚೆಸ್ಟರಿನ ಜಾನ್ ರೈಲಂಡ್ಸ್ ಲೈಬ್ರರಿಯಲ್ಲಿ. ಅಗಲವಾದ ಕಡೆ ಅಳೆದರೂ ಸುಮಾರು 9 ಸೆಂಟಿಮೀಟರ್ ಉದ್ದ, 6 ಸೆಂಟಿಮೀಟರ್ ಅಗಲ. ಎರಡೂ ಬದಿಯಲ್ಲಿ ಬರವಣಿಗೆ ಇದೆ, ಒಂದೊಂದು ಬದಿಗೆ ಏಳು ಸಾಲು, ಒಂದು ಸಾಲೂ ಪೂರ್ತಿ ಉಳಿದಿಲ್ಲ. ಮುಂಬದಿಯಲ್ಲಿ ಯೋಹಾನ 18ನೇ ಅಧ್ಯಾಯದ 31ರಿಂದ 33ನೇ ವಚನದ ತುಣುಕುಗಳು, ಹಿಂಬದಿಯಲ್ಲಿ 37 ಮತ್ತು 38ನೇ ವಚನದವು.

ಯೇಸುವನ್ನು ರೋಮನ್ ಅಧಿಕಾರಿ ಪಿಲಾತನ ಮುಂದೆ ತಂದು ನಿಲ್ಲಿಸಿದ ಪ್ರಸಂಗ ಅದು. ಯಾರಿಗೂ ಮರಣದಂಡನೆ ಕೊಡುವ ಅಧಿಕಾರ ನಮಗಿಲ್ಲ ಅಂತ ಯೆಹೂದ್ಯರು ಹೇಳುತ್ತಾರೆ, ಪಿಲಾತ ಮತ್ತೆ ಒಳಗೆ ಹೋಗಿ, ನೀನು ಯೆಹೂದ್ಯರ ಅರಸನೋ ಅಂತ ಕೇಳುತ್ತಾನೆ. ಹಿಂಬದಿಗೆ ಬಂದರೆ ಸತ್ಯದ ಮಾತು. ‘ಸತ್ಯ ಅಂದರೇನು?’ ಅನ್ನೋ ಪಿಲಾತನ ಪ್ರಶ್ನೆ ಬರುವ ಜಾಗ ಇದೇ. ಆದರೆ ಆ ಪ್ರಶ್ನೆ ಈ ಚೂರಿನಲ್ಲಿ ಇಲ್ಲ! ಅದಕ್ಕೆ ಮುಂಚಿನ ‘ಅವನಿಗೆ ಹೇಳಿದನು’ ಉಳಿದಿದೆ, ಅದರ ನಂತರದ ‘ಮತ್ತು ಇದನ್ನು’ ಉಳಿದಿದೆ, ನಡುವಿನ ಪ್ರಶ್ನೆ ಹರಿದುಹೋದ ಭಾಗದಲ್ಲಿ ಸೇರಿದೆ. ಯೇಸುವಿನ ಹೆಸರೂ ಹಾಗೇ, ಉಳಿದ ಅಕ್ಷರಗಳಲ್ಲಿ ಎಲ್ಲೂ ಇಲ್ಲ. ಹಳೆಯ ಕ್ರೈಸ್ತ ಬರಹಗಾರರು ಯೇಸು, ದೇವರು ಇಂಥ ಪದಗಳನ್ನು ಎರಡು ಮೂರು ಅಕ್ಷರಕ್ಕೆ ಇಳಿಸಿ ಮೇಲೆ ಒಂದು ಗೆರೆ ಎಳೆಯುತ್ತಿದ್ದರು. ಈ ಬರಹಗಾರ ಹಾಗೆ ಮಾಡಿದ್ದನೋ ಇಲ್ಲವೋ ಅಂತ ಹೆಸರೇ ಇಲ್ಲದ ಖಾಲಿ ಜಾಗವನ್ನು ಅಳೆದು ಅಳೆದು ಲೇಖನಗಳ ಮೇಲೆ ಲೇಖನ ಬರೆದಿದ್ದಾರೆ. ನನ್ನ ಪ್ರಕಾರ ಅದು ತೀರ್ಮಾನ ಆಗುವ ವಾದ ಅಲ್ಲ.

ಹಾಗಾದರೆ ಇಷ್ಟು ಸಣ್ಣ ಚೂರಿನಿಂದ ಏನು ಗೊತ್ತಾಗುತ್ತದೆ ಅಂತ ಕೇಳಬಹುದು. ನಿಜವಾಗಿ ಬೇಕಾದಷ್ಟು ಗೊತ್ತಾಗುತ್ತದೆ. ಸುವಾರ್ತೆಯ ಪಾಠ, ಅಂದರೆ ಅದರಲ್ಲಿರುವ ಪದಗಳು, ನಮಗೆ ಬೇರೆ ಪ್ರತಿಗಳಿಂದ ಗೊತ್ತು, ಅದಕ್ಕೆ ಸಾಲಿನ ಹರಿದ ಭಾಗದಲ್ಲಿ ಏನಿತ್ತು ಅಂತ ತುಂಬಿಸಬಹುದು. ತುಂಬಿಸಿದಾಗ ಒಂದು ಸಾಲಿಗೆ ಎಷ್ಟು ಅಕ್ಷರ ಹಿಡಿಸುತ್ತಿತ್ತು ಅಂತ ಲೆಕ್ಕ ಸಿಗುತ್ತದೆ. ಮುಂಬದಿಯ ಏಳನೇ ಸಾಲಿಗೂ ಹಿಂಬದಿಯ ಮೊದಲ ಸಾಲಿಗೂ ನಡುವೆ ಎಷ್ಟು ಪಾಠ ಕಾಣೆಯಾಗಿದೆ ಅಂತ ಎಣಿಸಿದರೆ ಪುಟದ ಕೆಳಗೆ ಇನ್ನೂ ಹನ್ನೊಂದು ಸಾಲು ಇದ್ದಿರಬೇಕು. ಅಂದರೆ ಪುಟಕ್ಕೆ 18 ಸಾಲು. ಪುಟದ ಅಳತೆ ಸುಮಾರು 21 ಸೆಂಟಿಮೀಟರ್ ಎತ್ತರ, 20 ಸೆಂಟಿಮೀಟರ್ ಅಗಲ. ಪೂರ್ತಿ ಸುವಾರ್ತೆಗೆ ಹತ್ತಿರ ಹತ್ತಿರ 130 ಪುಟ. ಒಂದು ಮೂಲೆಯಿಂದ ಇಡೀ ಪುಸ್ತಕದ ದಪ್ಪ ಸಿಕ್ಕಿತು ನೋಡಿ.

ಇದೇ ಲೆಕ್ಕ ಇನ್ನೊಂದನ್ನೂ ಹಿಡಿದುಕೊಟ್ಟಿದೆ. 37ನೇ ವಚನದಲ್ಲಿ ‘ಇದಕ್ಕಾಗಿಯೇ ಹುಟ್ಟಿದ್ದೇನೆ, ಇದಕ್ಕಾಗಿಯೇ ಲೋಕಕ್ಕೆ ಬಂದಿದ್ದೇನೆ’ ಅಂತ ಎರಡು ಸಲ ಬರುತ್ತದೆ. ಎರಡನೇ ‘ಇದಕ್ಕಾಗಿಯೇ’ಯನ್ನು ತುಂಬಿಸಿದರೆ ಆ ಸಾಲು ಉಳಿದೆಲ್ಲ ಸಾಲಿಗಿಂತ ಉದ್ದ ಆಗಿಬಿಡುತ್ತದೆ. ಹಾಗಾಗಿ ಬರಹಗಾರ ಅದನ್ನು ಬಿಟ್ಟಿರುವ ಸಾಧ್ಯತೆಯೇ ಜಾಸ್ತಿ. ಒಂದೆರಡು ಕಡೆ ಕಾಗುಣಿತವೂ ಉಚ್ಚಾರಣೆಯ ಹಿಂದೆ ಹೋಗಿದೆ. ಆ ಕಾಲದ ಈಜಿಪ್ಟಿನ ಗ್ರೀಕ್‌ನಲ್ಲಿ ಇದು ಮಾಮೂಲು. ಕೈ ಮಾತ್ರ ಚೆನ್ನಾಗಿದೆ, ನಿಧಾನವಾಗಿ, ಓದುವವರಿಗೆ ಕಷ್ಟ ಆಗದ ಹಾಗೆ ಬಿಡಿಸಿ ಬರೆದಿದ್ದಾನೆ.

ಎರಡೂ ಬದಿಯಲ್ಲಿ ಒಂದೇ ಕೃತಿ ಮುಂದುವರಿದಿದೆ ಅಂದರೆ ಇದು ಸುರುಳಿ ಅಲ್ಲ, ಹಾಳೆ ಮಡಚಿ ಹೊಲಿದ ಪುಸ್ತಕ. ಇದಕ್ಕೆ ಕೋಡೆಕ್ಸ್ ಅಂತಾರೆ. ಆಗಿನ ಗ್ರೀಕ್ ಸಾಹಿತ್ಯವೆಲ್ಲ ಬಹುಮಟ್ಟಿಗೆ ಸುರುಳಿಯಲ್ಲೇ ಇತ್ತು. ಹೋಮರ್ ಬೇಕಾದರೂ ಸುರುಳಿ, ನಾಟಕ ಬೇಕಾದರೂ ಸುರುಳಿ. ಕ್ರೈಸ್ತರು ಮಾತ್ರ ತಮ್ಮ ಗ್ರಂಥಗಳಿಗೆ ಶುರುವಿನಿಂದಲೇ ಪುಸ್ತಕದ ರೂಪ ಹಿಡಿದರು. ಯಾಕೆ ಅನ್ನೋದಕ್ಕೆ ಹತ್ತು ವಾದಗಳಿವೆ. ನನಗಂತೂ ಈ ಚೂರಿನಲ್ಲಿ ಇಸವಿಗಿಂತ ಇದೇ ಸ್ವಾರಸ್ಯದ ವಿಷಯ, ಆದರೆ ವಾಟ್ಸಾಪ್‌ನಲ್ಲಿ ಇದನ್ನು ಯಾರೂ ಕಳಿಸುವುದಿಲ್ಲ.

ಈಗ ಇಸವಿಗೆ ಬರೋಣ.

1920ರಲ್ಲಿ ಬರ್ನಾರ್ಡ್ ಗ್ರೆನ್‌ಫೆಲ್ ಈಜಿಪ್ಟಿನಲ್ಲಿ ಈ ಚೂರನ್ನು ಬೇರೆ ಪಪೈರಸ್‌ಗಳ ಜೊತೆ ಕೊಂಡರು. ಗ್ರೆನ್‌ಫೆಲ್ ಅಂದರೆ ಯಾರು ಅಂತ ಗೊತ್ತಿರಬಹುದು, ಆರ್ಥರ್ ಹಂಟ್ ಜೊತೆ ಈಜಿಪ್ಟಿನ ಆಕ್ಸಿರಿಂಕಸ್ ಅನ್ನೋ ಹಳೆಯ ಊರಿನ ತಿಪ್ಪೆಗಳನ್ನು ಅಗೆದು ರಾಶಿ ರಾಶಿ ಪಪೈರಸ್ ತೆಗೆದವರು. ಕನ್ನಡದವರಿಗೆ ಈ ಜೋಡಿಯ ನಂಟು ಬೇರೆ ಇದೆ. ಗ್ರೀಕ್ ಪ್ರಹಸನದಲ್ಲಿ ಕನ್ನಡ ಮಾತು ಇದೆ ಅಂತ ನಮ್ಮಲ್ಲಿ ನೂರು ವರ್ಷದಿಂದ ಚರ್ಚೆ ನಡೆದಿದೆಯಲ್ಲ, ಕಾರಿಷಿಯನ್ ಅನ್ನೋ ಗ್ರೀಕ್ ಹುಡುಗಿಯನ್ನು ಭಾರತದ ಕರಾವಳಿಯ ಒಬ್ಬ ರಾಜನಿಂದ ಬಿಡಿಸಿಕೊಂಡು ಹೋಗುವ ಕಥೆ, ಅದರ ಪಪೈರಸ್ಸೂ ಆಕ್ಸಿರಿಂಕಸ್ಸಿನದೇ, ಅದನ್ನು 1903ರಲ್ಲಿ ಪ್ರಕಟಿಸಿದವರೂ ಇದೇ ಗ್ರೆನ್‌ಫೆಲ್ ಮತ್ತು ಹಂಟ್. ಅದು ಕನ್ನಡವೇ ಅಂತ ಹುಲ್ಟ್ಜ್, ಶಾಮಶಾಸ್ತ್ರಿ, ಗೋವಿಂದ ಪೈ ವಾದ ಮಾಡಿದರು, ಒಪ್ಪದವರೂ ಇದ್ದಾರೆ. ಅದು ಬೇರೆಯೇ ಜಗಳ, ಇಲ್ಲಿಗೆ ಬೇಡ.

ಕೊಂಡ ಚೂರು ಸುಮಾರು ಹದಿನಾಲ್ಕು ವರ್ಷ ಹಾಗೇ ಬಿದ್ದಿತ್ತು. ಗ್ರೆನ್‌ಫೆಲ್ 1926ರಲ್ಲಿ ತೀರಿಕೊಂಡರು. 1934ರಲ್ಲಿ ಕಾಲಿನ್ ರಾಬರ್ಟ್ಸ್ ಅನ್ನೋ ಆಕ್ಸ್‌ಫರ್ಡಿನ ಯುವಕ ರೈಲಂಡ್ಸ್‌ನ ಪ್ರಕಟವಾಗದ ಚೂರುಗಳನ್ನು ವಿಂಗಡಿಸುವಾಗ ಈ ಸಾಲುಗಳು ಯೋಹಾನನದು ಅಂತ ಗುರುತು ಹಿಡಿದರು. ಮುಂದಿನ ವರ್ಷವೇ ಒಂದು ಕಿರುಪುಸ್ತಕ ತಂದರು. ಎರಡನೇ ಶತಮಾನದ ಮೊದಲ ಅರ್ಧ, ಅಂದರೆ 100ರಿಂದ 150ರ ಒಳಗೆ ಬರೆದದ್ದು ಅಂತ ಅದರಲ್ಲಿ ಹೇಳಿದರು. ಕೆನ್ಯನ್, ಶೂಬಾರ್ಟ್, ಬೆಲ್ ತರಹದ ಆ ಕಾಲದ ದೊಡ್ಡ ಪಪೈರಸ್ ತಜ್ಞರು ಹೂಂ ಅಂದರು. 100 ಮತ್ತು 150ರ ಸರಿಮಧ್ಯ ಯಾವುದು? 125. ಸಂದೇಶದಲ್ಲಿರುವ ಇಸವಿ ಅದೇ.

ಕೈಬರಹದಿಂದ ಕಾಲ ಹೇಳುವ ಕ್ರಮ ಹೀಗೆ. ಸುವಾರ್ತೆ, ಕಾವ್ಯ, ನಾಟಕ ಇಂಥವನ್ನು ನಕಲು ಮಾಡುವವನು ಕೆಳಗೆ ತಾರೀಖು ಹಾಕುವುದಿಲ್ಲ. ಆದರೆ ಕರಾರು ಪತ್ರ, ತೆರಿಗೆ ರಸೀದಿ, ಅರ್ಜಿ, ಕಾಗದ, ಇವಕ್ಕೆ ಇಂಥ ಚಕ್ರವರ್ತಿಯ ಆಳ್ವಿಕೆಯ ಇಷ್ಟನೇ ವರ್ಷ ಅಂತ ಇರುತ್ತದೆ. ತಾರೀಖು ಇರುವ ಬರಹದ ಪಕ್ಕ ತಾರೀಖು ಇಲ್ಲದ್ದನ್ನು ಇಟ್ಟು ಅಕ್ಷರಗಳ ಆಕಾರ, ಓರೆ, ಕೊಂಡಿ, ಒಂದು ಅಕ್ಷರದಿಂದ ಇನ್ನೊಂದಕ್ಕೆ ಲೇಖನಿ ಹೋಗಿರುವ ರೀತಿ ಹೋಲಿಸಿ ನೋಡಬೇಕು. ರಾಬರ್ಟ್ಸ್ ಹೋಲಿಸಿದ ಬರಹಗಳಲ್ಲಿ ಒಂದು ಕ್ರಿ.ಶ. 94ರ ಕಾಗದ. ಈಜಿಪ್ಟಿನ ಫಯೂಮ್ ಪ್ರಾಂತದಲ್ಲಿ ಜಮೀನು ಮಾಡಿಕೊಂಡಿದ್ದ ಗೆಮೆಲ್ಲಸ್ ಅನ್ನೋ ನಿವೃತ್ತ ರೋಮನ್ ಸೈನಿಕ ತನ್ನ ಆಳು ಎಪಾಗಥಸ್‌ಗೆ ಬರೆಸಿದ್ದು. ಅದರ ತುಂಬಾ ಗೊಬ್ಬರ ಸಾಗಿಸು, ಎಣ್ಣೆಗಾಣದ ಸುತ್ತ ಆಳವಾಗಿ ಕಂದಕ ತೋಡಿಸು ಅಂತ ಕೆಲಸ ಹೇಳಿದ್ದಾನೆ. ಸುವಾರ್ತೆಯ ಕಾಲನಿರ್ಣಯ ಕೊನೆಗೆ ನಿಂತಿರುವುದು ಈ ಗೊಬ್ಬರದ ಕಾಗದದಂಥ ಬರಹಗಳ ಮೇಲೆ. ಈ ವಿಷಯದಲ್ಲಿ ನನಗೆ ತುಂಬಾ ಇಷ್ಟ ಆದದ್ದೇ ಇದು.

ಕ್ರಮದಲ್ಲಿ ತಪ್ಪಿಲ್ಲ. ಆದರೆ ಅದರ ಹಿಡಿತ ಎಷ್ಟು ಅನ್ನೋದು ಗೊತ್ತಿರಬೇಕು. ಇಪ್ಪತ್ತರ ವಯಸ್ಸಿಗೆ ಕೂತ ಕೈ ಅರವತ್ತಕ್ಕೂ ಹಾಗೇ ಬರೆಯುತ್ತದೆ. ಗುರುವಿನ ಕೈ ಶಿಷ್ಯನಿಗೆ ಬರುತ್ತದೆ. ಒಂದು ಊರಲ್ಲಿ ಬಿಟ್ಟುಹೋದ ಶೈಲಿ ಇನ್ನೊಂದು ಊರಲ್ಲಿ ಮೂವತ್ತು ವರ್ಷ ನಡೆಯುತ್ತದೆ. ಹಾಗಾಗಿ ಬರೀ ಕೈಬರಹ ನೋಡಿ 25 ವರ್ಷದ ಕಿಂಡಿಯೊಳಗೆ ಕೂರಿಸುತ್ತೇನೆ ಅಂದರೆ ನಾನು ನಂಬುವುದಿಲ್ಲ, ಹೇಳಿದವರು ಎಷ್ಟೇ ದೊಡ್ಡವರಾಗಲಿ.

ಇನ್ನೊಂದು ಎಡವಟ್ಟು ಇದೆ. ರಾಬರ್ಟ್ಸ್ ಹತ್ತಿರದ ಹೋಲಿಕೆ ಅಂತ ತೋರಿಸಿದವುಗಳಲ್ಲಿ ಎಗರ್ಟನ್ ಪಪೈರಸ್ ಕೂಡ ಒಂದು. ಅದು ಬೈಬಲ್ಲಿನಲ್ಲಿ ಸೇರದ ಬೇರೊಂದು ಸುವಾರ್ತೆಯ ತುಣುಕು, ಬ್ರಿಟನ್ನಿನಲ್ಲೇ 1935ರಲ್ಲಿ ಪ್ರಕಟವಾಯಿತು. ಅದಕ್ಕೂ ತಾರೀಖು ಇಲ್ಲ, ಅದರ ಕಾಲವನ್ನೂ ಕೈಬರಹ ನೋಡಿಯೇ ಹೇಳಿದ್ದು! 1987ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ಅದೇ ಪ್ರತಿಯ ಇನ್ನೊಂದು ಚೂರು ಪ್ರಕಟವಾಯಿತು. ಅದರಲ್ಲಿ ಎರಡು ವ್ಯಂಜನಗಳ ನಡುವೆ ಒಂದು ಸಣ್ಣ ಕೊಂಬಿನಂಥ ಗುರುತು ಇತ್ತು. ಆ ಗುರುತು ಹಾಕುವ ರೂಢಿ ಜಾಸ್ತಿಯಾದದ್ದು ಮೂರನೇ ಶತಮಾನದಲ್ಲಿ. ಸರಿ, ಎಗರ್ಟನ್‌ನ ಕಾಲವನ್ನು ಸುಮಾರು 200ರ ಕಡೆಗೆ ತಳ್ಳಿದರು. ಅದನ್ನು ನೆಚ್ಚಿಕೊಂಡಿದ್ದ ಪಿ 52ರ ಇಸವಿಯೂ ಅಲುಗಾಡಿತು.

2005ರಲ್ಲಿ ಬ್ರೆಂಟ್ ನೋಂಗ್‌ಬ್ರಿ ಅನ್ನೋ ವಿದ್ವಾಂಸರು ಇದನ್ನು ಬಿಡಿಸಿ ಬರೆದರು. ತಾರೀಖು ಇರುವ ಬರಹಗಳನ್ನು ಮಾತ್ರ ಇಟ್ಟುಕೊಂಡು ಹೋಲಿಸಿದರು. ಪಿ 52ರ ಕೈಗೆ ಹತ್ತಿರ ಇರುವ ಬರಹಗಳು ಎರಡನೇ ಶತಮಾನದ ಕೊನೆಯಲ್ಲೂ ಸಿಗುತ್ತವೆ, ಮೂರನೆಯದರ ಆರಂಭದಲ್ಲೂ ಸಿಗುತ್ತವೆ ಅಂತ ಫೋಟೋ ಸಮೇತ ತೋರಿಸಿದರು. ಗಮನಿಸಿ, ಈ ಚೂರು ಮೂರನೇ ಶತಮಾನದ್ದು ಅಂತ ಅವರು ಹೇಳಲಿಲ್ಲ. ಅದನ್ನೂ ತಳ್ಳಿಹಾಕುವ ಹಾಗಿಲ್ಲ ಅಂದರು. 2012ರಲ್ಲಿ ಒರ್ಸಿನಿ ಮತ್ತು ಕ್ಲಾರಿಸ್ ಅನ್ನೋ ಇಬ್ಬರು 125ರಿಂದ 175ರ ನಡುವೆ ಅಂತ ಬರೆದರು. ನನ್ನನ್ನು ಕೇಳಿದರೆ ‘ಎರಡನೇ ಶತಮಾನ, ಸ್ವಲ್ಪ ಆಚೆಯೂ ಹೋಗಬಹುದು’ ಅಂತ ಹೇಳಿ ಅಲ್ಲಿಗೆ ನಿಲ್ಲಿಸುತ್ತೇನೆ. ಅದಕ್ಕಿಂತ ಚೂಪಾಗಿ ಹೇಳುವವರ ಹತ್ತಿರ ನಮ್ಮ ಹತ್ತಿರ ಇಲ್ಲದ ಮಾಹಿತಿ ಏನೂ ಇಲ್ಲ.

ಕಾರ್ಬನ್ ಟೆಸ್ಟ್ ಮಾಡಿಬಿಡಬಹುದಲ್ವಾ ಅಂತ ನಿಮ್ಮಣ್ಣ ಕೇಳಬಹುದು. ಮಾಡಬಹುದು, ಆದರೆ ಅದಕ್ಕೆ ಚೂರಿನ ಒಂದು ತುಣುಕನ್ನು ಕಿತ್ತು ಸುಡಬೇಕು. ಇರುವುದೇ ಅಂಗೈಗಿಂತ ಕಮ್ಮಿ. ಸುಟ್ಟರೂ ಒಂದು ಇಸವಿ ಸಿಗುವುದಿಲ್ಲ, ಹತ್ತಾರು ವರ್ಷ, ಕೆಲವೊಮ್ಮೆ ನೂರಕ್ಕೂ ಮೀರಿದ ಹರವು ಸಿಗುತ್ತದೆ. ಇಲ್ಲಿ ಜಗಳ ಇರುವುದೇ ಐವತ್ತು ನೂರು ವರ್ಷದ್ದು. ಎಲ್ಲಕ್ಕಿಂತ ದೊಡ್ಡ ಮಾತು, ಆ ಟೆಸ್ಟ್ ಹೇಳುವುದು ಜೊಂಡನ್ನು ಕೊಯ್ದ ಕಾಲ, ಅದರ ಮೇಲೆ ಬರೆದ ಕಾಲ ಅಲ್ಲ.

ಇದು ಸುಮ್ನೆ ಹೇಳುವ ಮಾತಲ್ಲ. 2012ರಲ್ಲಿ ಹಾರ್ವರ್ಡಿನ ಪ್ರೊಫೆಸರ್ ಕರೆನ್ ಕಿಂಗ್ ಕಾಪ್ಟಿಕ್ (ಈಜಿಪ್ಟಿನ ಹಳೆಯ ಕ್ರೈಸ್ತರ ಭಾಷೆ) ಬರಹ ಇರುವ ಒಂದು ಪಪೈರಸ್ ಚೂರನ್ನು ಬೆಳಕಿಗೆ ತಂದರು. ಅದರಲ್ಲಿ ಯೇಸು ‘ನನ್ನ ಹೆಂಡತಿ’ ಅಂತ ಹೇಳುವ ಒಂದು ಸಾಲು ಇತ್ತು. ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿ. ಪರೀಕ್ಷೆ ಮಾಡಿದರೆ ಪಪೈರಸ್ ಸಾವಿರ ವರ್ಷಕ್ಕೂ ಹಳೆಯದು ಅಂತಲೇ ಬಂತು. ಆದರೂ ಅದು ನಕಲಿ. ಹಳೆಯ ಖಾಲಿ ಪಪೈರಸ್ ಸಂಪಾದಿಸಿ ಅದರ ಮೇಲೆ ಹೊಸದಾಗಿ ಬರೆದಿದ್ದರು. ಸಿಕ್ಕಿಬಿದ್ದದ್ದು ಹೇಗೆ ಗೊತ್ತಾ? ಅದರ ಜೊತೆಗೇ ಬಂದಿದ್ದ, ಅದೇ ಕೈಯ ಇನ್ನೊಂದು ಚೂರಿನಲ್ಲಿ ಯೋಹಾನನ ಸುವಾರ್ತೆಯ ಕಾಪ್ಟಿಕ್ ಪಾಠ ಇತ್ತು. 1924ರಲ್ಲಿ ಅಚ್ಚಾದ ಒಂದು ಪುಸ್ತಕದಲ್ಲಿ ಸಾಲುಗಳು ಎಲ್ಲಿ ಮುರಿದಿದ್ದವೋ ಈ ‘ಪ್ರಾಚೀನ’ ಚೂರಿನಲ್ಲೂ ಅಲ್ಲಲ್ಲೇ ಮುರಿದಿದ್ದವು, ಒಂದು ಬಿಟ್ಟು ಒಂದು ಸಾಲು. 2014ರಲ್ಲಿ ಒಬ್ಬ ವಿದ್ವಾಂಸರು ಅದನ್ನು ಪತ್ತೆ ಹಚ್ಚಿದರು. ಲ್ಯಾಬ್ ಹಿಡಿಯದ್ದನ್ನು ಪಾಠ ಓದುವವರ ಕಣ್ಣು ಹಿಡಿಯಿತು.

ಪಿ 52ರಲ್ಲಿ ಅಂಥ ಯಾವ ಸುಳಿವೂ ಇಲ್ಲ. 1920ರಲ್ಲಿ ಅದು ಬೇರೆ ಪಪೈರಸ್‌ಗಳ ನಡುವೆ ಹೆಸರಿಲ್ಲದೆ ಬಂತು. ಮಾರಿದವನಿಗೂ ಅದು ಏನು ಅಂತ ಗೊತ್ತಿದ್ದ ಹಾಗಿಲ್ಲ, ಕೊಂಡ ಮೇಲೂ ವರ್ಷಗಟ್ಟಲೆ ಯಾರೂ ಗುರುತಿಸಲಿಲ್ಲ. ನಕಲಿ ಮಾಡುವವನು ದುಡ್ಡಿಗೋ ಹೆಸರಿಗೋ ಮಾಡುತ್ತಾನೆ, ಯಾರ ಕಣ್ಣಿಗೂ ಬೀಳದ ಹಾಗೆ ಮೂಟೆಯೊಳಗೆ ತುರುಕುವುದಿಲ್ಲ ಅಲ್ವಾ? ಒಂದು ಕೊರತೆ ಮಾತ್ರ ಇದೆ. ಮಾರುಕಟ್ಟೆಯಿಂದ ಕೊಂಡದ್ದಾದ್ದರಿಂದ ಯಾವ ಊರಿನ ಯಾವ ಪದರದಲ್ಲಿ ಸಿಕ್ಕಿತು ಅನ್ನೋ ದಾಖಲೆ ಇಲ್ಲ. ಇದ್ದಿದ್ದರೆ ಪಕ್ಕದಲ್ಲಿ ಸಿಕ್ಕ ರಸೀದಿಗಳ ತಾರೀಖು ನಮಗೆ ನೆರವಾಗುತ್ತಿತ್ತು.

ಕಣ್ಣಾರೆ ಕಂಡವರು ಬರೆದರು ಅನ್ನೋದಕ್ಕೆ ಇದು ಸಾಕ್ಷಿಯೇ? ಅಲ್ಲ. ಇದು ಮೂಲ ಪ್ರತಿ ಅಲ್ಲ, ನಕಲಿನ ನಕಲು. ಪ್ರತಿ ಇತ್ತು ಅಂದರೆ ಅದಕ್ಕೂ ಮುಂಚೆ ಕೃತಿ ಇತ್ತು ಅಂತ ಹೇಳಬಹುದು, ಅದನ್ನು ಬರೆದವರು ಯಾರು ಅಂತ ಹೇಳಲು ಬರುವುದಿಲ್ಲ. ಈ ಸಂದೇಶದ ಹಿಂದೆ ಒಂದು ಹಳೆಯ ವಾದ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನ ಎಫ್. ಸಿ. ಬೌರ್ ಅನ್ನೋ ಬೈಬಲ್ ವಿದ್ವಾಂಸರು ಈ ಸುವಾರ್ತೆ ತುಂಬಾ ತಡವಾಗಿ, ಹೆಚ್ಚುಕಮ್ಮಿ 170ರ ಹೊತ್ತಿಗೆ ಹುಟ್ಟಿತು ಅಂದಿದ್ದರು. ರಾಬರ್ಟ್ಸ್‌ರ ಚೂರು ಬಂದಾಗ ಬೌರ್ ಕಥೆ ಮುಗಿಯಿತು ಅಂತ ಸಂಭ್ರಮಪಟ್ಟರು. ಚೂರು 125ರದ್ದಾದರೆ ಖಂಡಿತ ಮುಗಿಯಿತು. 180ರದ್ದಾದರೆ ಈ ಚೂರೊಂದರಿಂದಲೇ ಮುಗಿಯುವುದಿಲ್ಲ. ಆದರೆ ಬೌರ್ ವಾದವನ್ನು ಕೆಡವಲು ಪಿ 52 ಬೇಕಾಗಿಯೇ ಇಲ್ಲ. 180ರ ಸುಮಾರಿಗೆ ಲಿಯೋನ್ ಊರಿನ ಬಿಷಪ್ ಐರೇನಿಯಸ್ ನಾಲ್ಕು ಸುವಾರ್ತೆಗಳ ಹೆಸರು ಹೇಳಿ, ಇವು ನಾಲ್ಕೇ ಇರಬೇಕು ಅಂತ ವಾದ ಮಾಡುತ್ತಾನೆ. ನಿನ್ನೆ ಮೊನ್ನೆ ಬರೆದ ಪುಸ್ತಕಕ್ಕೆ ಅಂಥ ಸ್ಥಾನ ಸಿಗುವುದಿಲ್ಲ. ಯೋಹಾನನ ಸುವಾರ್ತೆ ಮೊದಲನೇ ಶತಮಾನದ ಕೊನೆ ಅಥವಾ ಎರಡನೆಯದರ ಮೊದಲಲ್ಲಿ ರಚನೆಯಾಯಿತು ಅಂತ ಬಹುತೇಕರು ಹೇಳುವುದು ಇಂಥ ಬೇರೆ ಬೇರೆ ಆಧಾರ ಸೇರಿಸಿ. ಈ ಚೂರಿನ ತಲೆ ಮೇಲೆ ಎಲ್ಲ ಭಾರವನ್ನೂ ಹೊರಿಸಿದ್ದೇ ತಪ್ಪು, ಪರವಾಗಿ ವಾದಿಸುವವರೂ ಹೊರಿಸಿದ್ದಾರೆ, ವಿರೋಧಿಸುವವರೂ ಹೊರಿಸಿದ್ದಾರೆ.

ಇನ್ನು ಇದಕ್ಕಿಂತ ಹಳೆಯದರ ಪ್ರಶ್ನೆ. ಹೊಸ ಒಡಂಬಡಿಕೆಯಲ್ಲಿ ಅತ್ಯಂತ ಹಳೆಯದು ಅನ್ನೋ ಪಟ್ಟ ಈಗಲೂ ಸಾಮಾನ್ಯವಾಗಿ ಪಿ 52ಕ್ಕೇ ಕೊಡುತ್ತಾರೆ. ಆದರೆ ಮತ್ತಾಯನ ಸುವಾರ್ತೆಯ ಒಂದು ತುಣುಕಾದ ಪಿ 104, ಯೋಹಾನನ ಇದೇ ವಿಚಾರಣೆಯ ಭಾಗ ಇರುವ ಪಿ 90, ಇವನ್ನೂ ಎರಡನೇ ಶತಮಾನಕ್ಕೇ ಹಾಕುತ್ತಾರೆ. ಎರಡೂ ಆಕ್ಸಿರಿಂಕಸ್‌ನವು. ಕೈಬರಹದ ಹರವು ಇಷ್ಟು ಅಗಲ ಇರುವಾಗ ಇವುಗಳಲ್ಲಿ ಯಾವುದು ಮೊದಲು ಅಂತ ರ‍್ಯಾಂಕ್ ಕೊಡುವುದು ವ್ಯರ್ಥ.

ಮೊದಲನೇ ಶತಮಾನದ ಮಾರ್ಕನ ಸುವಾರ್ತೆಯ ಚೂರು ಸಿಕ್ಕಿದೆ ಅಂತ ಇನ್ನೊಂದು ಸಂದೇಶವೂ ಓಡಾಡುತ್ತದೆ, ಅದು ಬಂದರೆ ಮುಂದೆ ಕಳಿಸಬೇಡಿ. 2012ರಲ್ಲಿ ಅಮೆರಿಕದ ಒಂದು ಬಹಿರಂಗ ಚರ್ಚೆಯಲ್ಲಿ ಡೇನಿಯಲ್ ವಾಲೆಸ್ ಅನ್ನೋ ಪ್ರೊಫೆಸರ್ ಅಂಥದ್ದೊಂದು ಚೂರು ಇದೆ, ಸದ್ಯದಲ್ಲೇ ಪ್ರಕಟವಾಗುತ್ತದೆ ಅಂತ ಹೇಳಿಬಿಟ್ಟರು. ಆರು ವರ್ಷ ಅದೇ ಸುದ್ದಿ. 2018ರಲ್ಲಿ ಕೊನೆಗೂ ಆಕ್ಸಿರಿಂಕಸ್ ಪಪೈರಸ್‌ಗಳ ಸಂಪುಟದಲ್ಲಿ ಪ್ರಕಟವಾದಾಗ ಅದು ಮಾರ್ಕನ ಮೊದಲ ಅಧ್ಯಾಯದ ಕೆಲವು ವಚನ ಇರುವ ಒಂದು ಸಣ್ಣ ಚೂರು, ಕಾಲ ಎರಡನೇ ಶತಮಾನದ ಕೊನೆ ಅಥವಾ ಮೂರನೆಯದರ ಆರಂಭ. ವಾಲೆಸ್ ಕ್ಷಮೆ ಕೇಳಿದರು. ಈಗ ಅದಕ್ಕೆ ಪಿ 137 ಅಂತ ನಂಬರ್. ಮಾರ್ಕನ ಆ ಭಾಗಕ್ಕೆ ಅಷ್ಟು ಹಳೆಯ ಪ್ರತಿ ಬೇರೆ ಇಲ್ಲ, ಅದರ ಮಟ್ಟಿಗೆ ಅದು ದೊಡ್ಡ ವಿಷಯವೇ, ಆದರೆ ನೂರು ವರ್ಷ ಕಮ್ಮಿಯಾದ ಮೇಲೆ ಅದರ ಸುದ್ದಿ ಯಾರಿಗೂ ಬೇಡವಾಯಿತು.